ಇಂಗ್ಲೆಂಡ್ ಗೆದ್ದು ಬಂದ ಪಾಲವಣಕರ ಬಾಳೂ

ಈಗ ನಮ್ಮ ತಂಡ ವಿದೇಶಕ್ಕೆ ಆಡಲು ಹೊರಟರೆ ಟಿವಿಯವರು, ಪೇಪರಿನವರು, ಪುಢಾರಿಗಳು ಎಲ್ಲಾರೂ ಬೆನ್ನು ಹತ್ತತಾರ. ಇದು ಹೊಸದಲ್ಲ ಗೆಳೆಯರೆ. ನೂರು ವರ್ಷಕ್ಕೂ ಹಿಂದೆ ಆಟ, ಪತ್ರಿಕೆ, ರಾಜಕಾರಣ ಈ ಮೂರರ ನಡುವೆ ಬದುಕಿದ ನಮ್ಮ ಹಿರಿಯರೊಬ್ಬರಿದ್ದರು. ಅವರೇ ಪಾಲವಣಕರ ಬಾಳೂ.

ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಾಗ. ನಮ್ಮ ಕಡೆ ಸಮಗಾರ ಅಂತಾರಲ್ಲ, ಆ ಚಾಂಭಾರ ಸಮುದಾಯ. ತಂದೆ ಸೈನ್ಯದ ಚಾಕರಿಯಲ್ಲಿದ್ದರು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಬಾಳೂ ಪಿಚ್ ಉರುಳಿಸುವ ಕೆಲಸಕ್ಕೆ ನಿಂತರು. ತಿಂಗಳ ಪಗಾರ 4 ರೂಪಾಯಿ. ಸಾಹೇಬರಿಗೆ ನೆಟ್‌ನಲ್ಲಿ ಚೆಂಡು ಎಸೆದೂ ಎಸೆದೂ ಎಡಗೈ ಸ್ಪಿನ್ ಪಳಗಿತು. ಆದರೆ ಬ್ಯಾಟ್ ಮಾತ್ರ ಅವರ ಕೈಗೆ ಕೊಡಲಿಲ್ಲ.

ಮುಂದೆ ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಬ್ರಾಹ್ಮಣರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಬಾಳೂ ಪೆವಿಲಿಯನ್ ಹೊರಗ, ಕೈಯಾಗ ಬೇರೆ ಮಣ್ಣಿನ ಕುಡಿಕೆ! ಇದೆಂಥಾ ನ್ಯಾಯ ನೋಡ್ರಿ.

1906ರಲ್ಲಿ ಮುಂಬೈಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಳೂ ಜೊತೆ ತಮ್ಮ ಶಿವರಾಮನೂ ಆಡಿದ್ದ. ಇಂಡಿಯನ್ ಸೋಶಿಯಲ್ ರಿಫಾರ್ಮರ್ ಪತ್ರಿಕೆ, ಜಾತಿಯ ಕಟ್ಟು ಸಡಿಲಾದದ್ದರ ಗುರುತು ಎಂದು ಈ ಗೆಲುವನ್ನು ಕೊಂಡಾಡಿತು. 1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕ ಪಟಿಯಾಲದ ಮಹಾರಾಜರಿಗೆ ಆಟಕ್ಕಿಂತ ಔತಣಗಳೇ ಹೆಚ್ಚು. 23 ಪಂದ್ಯಗಳಲ್ಲಿ ತಂಡ ಗೆದ್ದದ್ದು 6. ಅಂಥಾದ್ರಾಗ ಬಾಳೂ 114 ವಿಕೆಟ್ ಕಿತ್ತರು! ತಿರುಗಿ ಬಂದಾಗ ಮುಂಬೈಯ ದಲಿತರು ಅವರಿಗೆ ಸತ್ಕಾರ ಮಾಡಿದರು. ಯುವಕ ಭೀಮರಾವ್ ಅಂಬೇಡ್ಕರರಿಗೂ ಅವರ ಮೇಲೆ ಬಹಳ ಅಭಿಮಾನವಿತ್ತು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಬಾಳೂಗೆ ಸಿಗಲಿಲ್ಲ. 1920ರಲ್ಲಿ ತಮ್ಮಂದಿರಾದ ಶಿವರಾಮ, ವಿಠ್ಠಲ ಇದನ್ನು ಪ್ರತಿಭಟಿಸಿ ತಂಡದಿಂದ ಹೊರಬಂದರು. ಪತ್ರಿಕೆಗಳಲ್ಲಿ ಚರ್ಚೆ ಎದ್ದಿತು. ಕೊನೆಗೆ ಬಾಳೂ ಉಪನಾಯಕರಾದರು. 1923ರಲ್ಲಿ ವಿಠ್ಠಲ ನಾಯಕನೇ ಆದ, ಗೆದ್ದೂ ತೋರಿಸಿದ.

ಆಮೇಲೆ ರಾಜಕಾರಣ ಬಂತು. ಬಾಳೂ ಗಾಂಧೀಜಿಯವರ ದಾರಿ ಹಿಡಿದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದರು. 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರು ಕಾಂಗ್ರೆಸ್ ಇದೇ ಬಾಳೂರವರನ್ನು ನಿಲ್ಲಿಸಿತು. ಆಟದಿಂದ ಬಂದ ಹೆಸರು ವೋಟಿಗೆ ಬೇಕಾಗಿತ್ತು. ಬಾಬಾಸಾಹೇಬರಿಗೆ 13,245 ಮತ, ಬಾಳೂಗೆ 11,225. ಬಾಬಾಸಾಹೇಬರು ಗೆದ್ದರು.

ಈ ಚುನಾವಣೆಯ ಕಾರಣಕ್ಕೆ ಬಾಳೂರವರನ್ನು ನಾವು ದೂರ ಇಡಬಾರದು. ಬಾಬಾಸಾಹೇಬರ ದಾರಿ ನಮ್ಮ ದಾರಿ, ಖರೆ. ಆದರೆ ನಮ್ಮವರಿಗೆ ನಾಯಕತ್ವ ಕೊಡದ ಜನ, ಚುನಾವಣೆ ಬಂದಾಗ ನಮ್ಮವರನ್ನೇ ನಮ್ಮವರ ಎದುರು ಹೇಗೆ ನಿಲ್ಲಿಸತಾರ ಅನ್ನೋದೂ ಈ ಬದುಕಿನಾಗ ಐತಿ. ಬಾಳೂ 1955ರ ಜುಲೈ 4ರಂದು ತೀರಿಕೊಂಡರು. ಕ್ರಿಕೆಟ್ ಆಡುವ ನಮ್ಮ ಓಣಿಯ ಹುಡುಗರಿಗೆ ಅವರ ಹೆಸರು ಹೇಳಿಕೊಡ್ರಿ.