ಅಫೀಮಿಗೆ ಸೆರೆಯಾದ ಮೇಧಾವಿ

ಬುದ್ಧಿವಂತರನ್ನು ದುಶ್ಚಟವು ಮುಟ್ಟಲಾರದೆಂಬ ನಂಬಿಕೆ ನಮ್ಮಲ್ಲಿ ಹಲವರಿಗುಂಟು. ಅದೆಷ್ಟು ಪೊಳ್ಳೆಂಬುದನ್ನು ಆಂಗ್ಲ ಕವಿ ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್‌ನ ಬಾಳಿನಿಂದ ಅರಿಯಬಹುದಾಗಿದೆ.

1772ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಪಾದ್ರಿಯೊಬ್ಬರ ಕಿರಿಯ ಮಗನಾಗಿ ಜನಿಸಿದ ಈತನು, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ಲಂಡನಿನ ಧರ್ಮಾರ್ಥ ಶಾಲೆಯಲ್ಲಿ ಓದಿದನು. 1798ರಲ್ಲಿ ಮಿತ್ರ ವರ್ಡ್ಸ್‌ವರ್ತನೊಡನೆ ಪ್ರಕಟಿಸಿದ ಸಂಕಲನವು ಆಂಗ್ಲ ಕಾವ್ಯದ ದಿಕ್ಕನ್ನೇ ಬದಲಿಸಿತು.

ಕೀಲುನೋವಿಗೆಂದು ಆತನು ಸೇವಿಸಿದುದು ಲಾಡನಮ್, ಅಂದರೆ ಮದ್ಯಸಾರದಲ್ಲಿ ಕರಗಿಸಿದ ಅಫೀಮು. ಅಂದು ಅದು ಅಂಗಡಿಗಳಲ್ಲಿ ಸಲೀಸಾಗಿ ದೊರೆಯುತ್ತಿತ್ತು; ಅಲ್ಲಿ ಮಾರಾಟಕ್ಕೆ ಕಟ್ಟುಪಾಡು ಬಂದುದು 1868ರಲ್ಲಿ. ಕೆಲವೇ ವರ್ಷಗಳಲ್ಲಿ ಔಷಧವೇ ಒಡೆಯನಾಯಿತು. ಬಿಟ್ಟರೆ ಬೆವರು, ತಳಮಳ, ಹೊಟ್ಟೆನೋವು. ಅವನ್ನಡಗಿಸಲು ಮತ್ತೆ ಅದೇ ಸೀಸೆ.

ಆತನ ಪಾಂಡಿತ್ಯವಾಗಲಿ ಮಾತಿನ ಸೊಬಗಾಗಲಿ ಕುಂದಲಿಲ್ಲ. ಕುಂದಿದುದು ಮನಸ್ಸನ್ನು ತಿರುಗಿಸುವ ಶಕ್ತಿ. ಗ್ರಂಥಗಳ ಯೋಜನೆಗಳು ರಾಶಿಬಿದ್ದವು, ಮುಗಿದವು ಕೆಲವೇ. 1808ರಲ್ಲಿ ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಏರ್ಪಟ್ಟ ತನ್ನ ಉಪನ್ಯಾಸಗಳಲ್ಲಿ ಹಲವಕ್ಕೆ ಆತನೇ ಹಾಜರಾಗಲಿಲ್ಲ. ಹೆಂಡತಿಮಕ್ಕಳಿಂದ ದೂರವಾದನು. ಕೆಡುಕನ್ನು ಬಲ್ಲವನಾದರೂ ತನ್ನ ಸಂಕಲ್ಪವು ಕೈಕೊಡುತ್ತಿದೆಯೆಂದು 1814ರಲ್ಲಿ ಮಿತ್ರರಿಗೆ ಬರೆದು ಒಪ್ಪಿಕೊಂಡನು.

ಇದು ಬರಿಯ ಸೋಮಾರಿತನವಲ್ಲವೆಂಬುದನ್ನು ಇಂದಿನ ವೈದ್ಯಶಾಸ್ತ್ರವು ಬಲ್ಲುದು. ಅಫೀಮು, ಹೆರಾಯಿನ್ ಹಾಗೂ ಆ ಜಾತಿಯ ನೋವಿನ ಮಾತ್ರೆಗಳ ಚಟವು ಮಿದುಳಿನ ಮುಂಭಾಗದ ಕಾರ್ಯವನ್ನು ಕೆಡಿಸುತ್ತದೆ. ಆಸೆಯನ್ನು ತಡೆಯುವುದು, ನಷ್ಟ ಕಂಡಾಗ ದಾರಿ ಬದಲಿಸುವುದು ಆ ಭಾಗದ ಕೆಲಸ. ಅದು ಸೋತಾಗ ಮನಸ್ಸು ಗಾಡಿಯ ಚಕ್ರದಂತೆ ಹಳೆಯ ಜಾಡಿನಲ್ಲಿಯೇ ಉರುಳುತ್ತದೆ.

1816ರಲ್ಲಿ ಕೋಲ್‌ರಿಜ್‌ನು ಲಂಡನಿನ ಬಳಿಯ ಹೈಗೇಟಿನಲ್ಲಿದ್ದ ಗಿಲ್‌ಮನ್ ಎಂಬ ವೈದ್ಯರ ಮನೆ ಸೇರಿ, ಅಫೀಮಿನ ಅಳತೆಯನ್ನು ಅವರ ಕೈಗೊಪ್ಪಿಸಿದನು. ತಿಂಗಳೊಂದಕ್ಕೆಂದು ಬಂದವನು 18 ವರ್ಷ ಉಳಿದನು. ಚಟವು ಪೂರ್ಣವಾಗಿ ಬಿಡಲಿಲ್ಲ. ವೈದ್ಯರ ಕಣ್ತಪ್ಪಿಸಿ ತರಿಸಿಕೊಂಡುದೂ ಉಂಟು. ಆದರೂ ಅದು ಹಿಡಿತಕ್ಕೆ ಬಂದಿತು. ಗ್ರಂಥಗಳು ಮತ್ತೆ ಹೊರಬಂದವು. 1834ರ ಜುಲೈ 25ರಂದು ಆ ಸ್ನೇಹಿತರ ಆಶ್ರಯದಲ್ಲಿಯೇ ಕಣ್ಮುಚ್ಚಿದನು.

ದಿನವಿಡೀ ಒಲೆಯ ಮುಂದೆ ನಿಲ್ಲುವ, ಲೆಕ್ಕದ ಪುಸ್ತಕದ ಮೇಲೆ ಬಾಗುವ ನಮ್ಮ ಬಂಧುಗಳಿಗೆ ಕಾಲುನೋವು, ಬೆನ್ನುನೋವು ಹೊಸತಲ್ಲ. ನೋವಿಗೆಂದು ಕೊಂಡ ಮಾತ್ರೆಯಿಲ್ಲದೆ ದಿನ ಸಾಗದಂತಾದ ಜೊತೆಗಾರನನ್ನು ಹಂಗಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇಂದು ಇದಕ್ಕೆ ಔಷಧೋಪಚಾರವುಂಟು. ಮಾಲೀಕರಾದವರೂ ಅಂಥವನನ್ನು ಹೊರಗಟ್ಟುವ ಮುನ್ನ ವೈದ್ಯರಲ್ಲಿಗೆ ಕಳುಹಿಸಲೆಂದು ನಾವು ಬೇಡುತ್ತೇವೆ.