ನೊಬೆಲ್ ಸಿಕ್ಕಿದ್ದು ‘ತಪ್ಪು’ ಕಿಣ್ವಕ್ಕಾ? ಆರ್ಥರ್ ಕಾರ್ನ್‌ಬರ್ಗ್ ಕಥೆ

ಕೊರೊನಾ ಕಾಲದಲ್ಲಿ ವಿಜಯನಗರದಲ್ಲೋ ಕೆಂಗೇರಿಯಲ್ಲೋ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಆರ್‌ಟಿ-ಪಿಸಿಆರ್ ರಿಪೋರ್ಟ್‌ಗೆ ಕಾದಿದ್ದು ನೆನಪಿದೆಯಲ್ಲ? ಆ ಪರೀಕ್ಷೆ ನಡೆಯಲು ಡಿಎನ್‌ಎ ಪಾಲಿಮರೇಸ್ ಬೇಕೇ ಬೇಕು. ಡಿಎನ್‌ಎ ನಕಲು ಮಾಡುವ ಈ ಬಗೆಯ ಕಿಣ್ವವನ್ನು ಮೊದಲು ಕಂಡುಹಿಡಿದವರು ಆರ್ಥರ್ ಕಾರ್ನ್‌ಬರ್ಗ್. ಅವರಿಗೆ ನೊಬೆಲ್ ಸಿಕ್ಕಿದ್ದೇ ತಪ್ಪು ಕಿಣ್ವಕ್ಕೆ ಎಂದು ಯಾರಾದರೂ ಹೇಳಿದರೆ, ಅದು ಅರ್ಧ ಸತ್ಯ.

ಕಾರ್ನ್‌ಬರ್ಗ್ ಹುಟ್ಟಿದ್ದು 1918ರಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ತಂದೆಯದು ಹಾರ್ಡ್‌ವೇರ್ ಅಂಗಡಿ. ಓದಿದ್ದು ವೈದ್ಯಕೀಯ. ಅವರ ಕಣ್ಣು ತುಸು ಹಳದಿ. ಗಿಲ್ಬರ್ಟ್ ಸಿಂಡ್ರೋಮ್ ಎಂಬ ಅಪಾಯವಿಲ್ಲದ ಕಾಮಾಲೆ. ಅವರ ಮೊದಲ ಸಂಶೋಧನಾ ಲೇಖನವೂ ಕಾಮಾಲೆಯ ಬಗ್ಗೆಯೇ!

1956ರ ಹೊತ್ತಿಗೆ ಅವರ ತಂಡ ಇ. ಕೋಲೈ ಬ್ಯಾಕ್ಟೀರಿಯಾದಿಂದ ಆ ಕಿಣ್ವವನ್ನು ಬೇರ್ಪಡಿಸಿತು. ಪತ್ನಿ ಸಿಲ್ವಿ ಕೂಡ ಅದೇ ಲ್ಯಾಬ್‌ನಲ್ಲಿ ದುಡಿದ ವಿಜ್ಞಾನಿ. ಅವರ ಹೆಸರು ಹೇಳುವವರು ಕಡಿಮೆ. 1959ರಲ್ಲಿ ನೊಬೆಲ್ ಬಂತು. 1967ರಲ್ಲಿ ಒಂದು ವೈರಸ್‌ನ ಡಿಎನ್‌ಎಯನ್ನು ಲ್ಯಾಬ್‌ನಲ್ಲಿ ನಕಲು ಮಾಡಿದಾಗ ಪತ್ರಿಕೆಗಳು ಪ್ರನಾಳದಲ್ಲಿ ಜೀವ ಸೃಷ್ಟಿಯಾಯಿತು ಎಂದು ಬರೆದವು. ನಡೆದದ್ದು ಅದಲ್ಲ. ಇದ್ದ ಡಿಎನ್‌ಎಯನ್ನು ಅಚ್ಚಾಗಿಟ್ಟುಕೊಂಡು ತೆಗೆದ ನಕಲು ಅದು.

ಪೆಟ್ಟು ಬಿದ್ದದ್ದು 1969ರಲ್ಲಿ. ಜಾನ್ ಕೈರ್ನ್ಸ್ ಮತ್ತು ಪೌಲಾ ಡಿ ಲೂಸಿಯಾ ಒಂದು ವಿಚಿತ್ರ ಇ. ಕೋಲೈ ತಳಿ ಹುಡುಕಿದರು. ಅದರಲ್ಲಿ ಕಾರ್ನ್‌ಬರ್ಗ್ ಕಿಣ್ವದ ಚಟುವಟಿಕೆ ಶೇ 1ಕ್ಕಿಂತ ಕಡಿಮೆ, ಆದರೂ ಅದು ಆರಾಮವಾಗಿ ಬೆಳೆಯುತ್ತಿತ್ತು. ಅತಿನೇರಳೆ ಕಿರಣ ಬಿದ್ದರೆ ಮಾತ್ರ ಬೇಗ ಸಾಯುತ್ತಿತ್ತು. ಅಂದರೆ ಈ ಕಿಣ್ವದ ಮುಖ್ಯ ಕೆಲಸ ರಿಪೇರಿ. ಇಡೀ ಡಿಎನ್‌ಎ ನಕಲು ಮಾಡುವುದು ಬೇರೆ ಯಾವುದೋ.

ಅದನ್ನು ಹುಡುಕಿದವರಲ್ಲಿ ಒಬ್ಬರು ಅವರದೇ ಮಗ ಟಾಮ್! ಚೆಲ್ಲೋ ಕಲಿಯುತ್ತಿದ್ದ ಟಾಮ್ ಕೈಬೆರಳಿನ ತೊಂದರೆಯಿಂದ ವಾದ್ಯ ಬಿಡಬೇಕಾಯಿತು. ಲ್ಯಾಬ್ ಸೇರಿ, ಮಾಲ್ಕಮ್ ಗೆಫ್ಟರ್ ಜೊತೆ ಪಾಲಿಮರೇಸ್ 2 ಮತ್ತು 3ನ್ನು ಪತ್ತೆ ಮಾಡಿದರು. ನಿಜವಾದ ನಕಲು ಯಂತ್ರ 3ನೆಯದು.

ಆದರೆ ಅದು ಒಂದೇ ಪ್ರೋಟೀನ್ ಅಲ್ಲ, ಸುಮಾರು 10 ಬಗೆಯ ಉಪಘಟಕಗಳ ಜೋಡಣೆ. ಇಷ್ಟರಲ್ಲಿ ಅಕ್ಷರ ಜೋಡಿಸುವುದು ಯಾವುದು? ಹಳೆಯ ಕಿಣ್ವದಲ್ಲಿ ಬರೆಯುವುದೂ ತಪ್ಪು ಅಳಿಸುವುದೂ ಒಂದೇ ಪ್ರೋಟೀನ್‌ನ ಕೆಲಸ. ಇಲ್ಲಿ ಹಾಗಲ್ಲ. 1985ರಲ್ಲಿ ಹಿಸಾಜಿ ಮಾಕಿ ಮತ್ತು ಕಾರ್ನ್‌ಬರ್ಗ್, ಡಿಎನ್‌ಎಇ ಎಂಬ ಜೀನ್‌ನಿಂದ ಆಲ್ಫಾ ಉಪಘಟಕವನ್ನು ಬ್ಯಾಕ್ಟೀರಿಯಾದಲ್ಲಿ ಹೇರಳವಾಗಿ ತಯಾರಿಸಿ, ಶುದ್ಧಗೊಳಿಸಿ ನೋಡಿದರು. ಆಲ್ಫಾ ಒಂದೇ ಇದ್ದರೂ ಡಿಎನ್‌ಎ ಜೋಡಿಸುತ್ತದೆ, ಆದರೆ ಅಳಿಸಲಾರದು. ಅಳಿಸುವ ರಬ್ಬರ್ ಇರುವುದು ಎಪ್ಸಿಲಾನ್ ಎಂಬ ಇನ್ನೊಂದು ಉಪಘಟಕದಲ್ಲಿ ಎಂದು ಹ್ಯಾರಿಸನ್ ಎಕೋಲ್ಸ್ ತಂಡ ಹಿಂದಿನ ವರ್ಷವೇ ತೋರಿಸಿತ್ತು. ಹಳೆಯ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಮೊಳೆ ಜೋಡಿಸುವವರು ಒಬ್ಬರು, ಪ್ರೂಫ್ ನೋಡುವವರು ಇನ್ನೊಬ್ಬರು ಇದ್ದ ಹಾಗೆ. ಎಪ್ಸಿಲಾನ್ ಕೆಟ್ಟರೆ ಬ್ಯಾಕ್ಟೀರಿಯಾದಲ್ಲಿ ರೂಪಾಂತರಗಳು ನೂರಾರು ಪಟ್ಟು ಏರುತ್ತವೆ.

ಆಲ್ಫಾ ಒಂಟಿಯಾಗಿದ್ದರೆ ನಿಧಾನ. ಇಡೀ ಯಂತ್ರ ಸೇರಿದರೆ ಸೆಕೆಂಡಿಗೆ ಸುಮಾರು 1,000 ಅಕ್ಷರ. ಬೀಟಾ ಎಂಬ ಉಪಘಟಕ ಉಂಗುರದಂತೆ ಡಿಎನ್‌ಎಯನ್ನು ಸುತ್ತಿಕೊಂಡು ಯಂತ್ರ ಜಾರದಂತೆ ಹಿಡಿಯುತ್ತದೆ.

ಮೊದಲ ಕಿಣ್ವವೇನೂ ಸುಳ್ಳಾಗಲಿಲ್ಲ. ಪಿಸಿಆರ್‌ನಲ್ಲಿ ಬಳಸುವ ಟ್ಯಾಕ್ ಪಾಲಿಮರೇಸ್ ಅದೇ ಕುಟುಂಬದ್ದು. ಕಾರ್ನ್‌ಬರ್ಗ್ 2007ರ ಅಕ್ಟೋಬರ್ 26ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು; ಅದರ ಹಿಂದಿನ ವರ್ಷವಷ್ಟೇ ಹಿರಿಯ ಮಗ ರೋಜರ್‌ಗೂ ನೊಬೆಲ್ ಬಂದಿತ್ತು.