ಐನ್‌ಮನೆ ಅರಸಿದ ಯಹೂದಿ ವರ್ತಕ

ದೂರದೂರುಗಳಲ್ಲಿ ನೆಲೆಸಿದ ಕೊಡವರು ಪುತ್ತರಿಗೆ ಐನ್‌ಮನೆಗೆ ಮರಳುತ್ತಾರೆ. ಕೊಡಗಿನ ಘಟ್ಟ ಇಳಿದರೆ ಸಿಗುವ ಮಂಗಳೂರಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬಾಳಿದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವನ್ನೂ ಇಂಥದೇ ಸೆಳೆತ ಕಾಡಿತ್ತು.

ಟ್ಯುನಿಸಿಯದ ಮಹ್ದಿಯಾ ಅವನ ಮನೆತನದ ಊರು. ಏಡನ್ ಮಾರ್ಗವಾಗಿ ಬಂದ ಆತ ಮಂಗಳೂರಿನಿಂದ ಮೆಣಸು, ಅಡಿಕೆ, ಕಬ್ಬಿಣಗಳನ್ನು ಕಳುಹಿಸಿದ. ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸಿದ. ಬೊಮ್ಮನೆಂಬ ಸೇವಕ ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹರಿಸುತ್ತಿದ್ದ. 1132ರ ಅಕ್ಟೋಬರ್ 17ರಂದು ಆಶು ಎಂಬ ದಾಸಿಯನ್ನು ಆತ ವಿಧಿವತ್ತಾಗಿ ಬಿಡುಗಡೆ ಮಾಡಿದ. ಅವನ ಮಕ್ಕಳ ತಾಯಿ ಆಕೆಯೇ ಎಂಬುದು ವಿದ್ವಾಂಸರ ಅಭಿಮತ.

1148ರಲ್ಲಿ ಸಿಸಿಲಿಯ ದೊರೆ ಮಹ್ದಿಯಾವನ್ನು ಗೆದ್ದಾಗ ಬಂಧುಗಳು ಚದುರಿದರು. ಮರುವರ್ಷ ಮಕ್ಕಳೊಡನೆ ಏಡನ್ನಿಗೆ ಮರಳಿದ ಬೆನ್ ಯಿಜು ಒಡಹುಟ್ಟಿದವರಿಗೆ ಓಲೆ ಬರೆದು, ತನ್ನ ಮಗಳನ್ನು ಅವರ ಮಗನಿಗೇ ಕೊಡುವುದಾಗಿ ತಿಳಿಸಿದ. ನಂಬಿದ ತಮ್ಮನೇ ಹಣದಲ್ಲಿ ವಂಚಿಸಿದ, ಮಗ ತೀರಿಕೊಂಡ. ಆದರೂ ಆತ ಹಿಂಜರಿಯಲಿಲ್ಲ. 1156ರಲ್ಲಿ ಈಜಿಪ್ಟಿನ ಫುಸ್ತಾತ್‌ನಲ್ಲಿ ಮಗಳ ವಿವಾಹ ಸೋದರನ ಮಗನೊಡನೆ ನೆರವೇರಿತು.

ಅಲ್ಲಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದ ಕಾಗದಗಳಿಂದ ಇದೆಲ್ಲ ತಿಳಿದುಬಂದಿದೆ. ಸೋದರರಿಗೆ ಬರೆದ ಆ ಓಲೆಯಲ್ಲಿ ಮಕ್ಕಳ ಪ್ರಸ್ತಾಪವಿದೆ, ಅವರ ತಾಯಿಯದಿಲ್ಲ. ತಂದೆ ತನ್ನವರನ್ನು ಸೇರಿದ. ಭಾರತದಲ್ಲಿ ಹುಟ್ಟಿದ ಮಗಳು ಹುಟ್ಟೂರನ್ನೇ ತೊರೆದಳು. ಬೇರುಗಳನ್ನು ಅರಸಿ ಹೊರಡುವವರು ತಾಯಿಯ ಕಡೆಯ ಬೇರನ್ನೂ ಮರೆಯಬಾರದು.